ಕಪ್ಪು ಹೊಗೆ ಬಂದರೆ ಪವರ್ ಬಂತು ಅಂತಲ್ಲ

ಮಾನ್ಯ ಸಂಪಾದಕರೇ,

ಪುಣೆಯ ಮಾರ್ಕೆಟ್ ಯಾರ್ಡ್, ಭೋಸರಿ, ಚಾಕಣ ಕಡೆ ಬಾಡಿಗೆಗೆ ಓಡುವ ಹಳೇ ಟರ್ಬೊ ಡೀಸೆಲ್ ಪಿಕಪ್‌ಗಳಲ್ಲಿ ನಮ್ಮ ಕಡೆಯವರ ಗಾಡಿಗಳು ಬೇಕಾದಷ್ಟಿವೆ. ವಿಜಯಪುರ, ಕಲಬುರಗಿ, ಬೆಳಗಾವಿಯಿಂದ ಬಂದು ಒಂದೇ ಗಾಡಿ ಮೇಲೆ ಇಡೀ ಮನೆ ನಡೆಸುವವರು. ಗಾಡಿ ಎಳೀತಿಲ್ಲ ಅನ್ನಿಸಿದ ಕೂಡಲೇ ಇವರು ಯಾವುದೋ ಗ್ಯಾರೇಜಿಗೆ ಹೋಗಿ 'ಡೀಸೆಲ್ ಸ್ವಲ್ಪ ಜಾಸ್ತಿ ಬಿಡು' ಅನ್ನುತ್ತಾರೆ. ಮಿಸ್ತ್ರಿ ಎಂಜಿನ್ನಿಗೆ ಡೀಸೆಲ್ ತಳ್ಳುವ ಪಂಪಿನ ಸ್ಕ್ರೂ ತಿರುಗಿಸುತ್ತಾನೆ, ಆಕ್ಸಲರೇಟರ್ ಒತ್ತಿದರೆ ಹಿಂದಿನಿಂದ ಕಪ್ಪು ಹೊಗೆ ಬುಸ್ ಅನ್ನುತ್ತದೆ, ಇಬ್ಬರಿಗೂ ಖುಷಿ. ಭೋಸರಿಯಲ್ಲಿ ಈ ಪಂಪು, ಡೀಸೆಲ್ ಚಿಮ್ಮಿಸುವ ನಾಜಲ್ ಇವುಗಳ ಕೆಲಸವನ್ನೇ ಹೊಟ್ಟೆಪಾಡು ಮಾಡಿಕೊಂಡವನು ನಾನು. ಈ ಖುಷಿಯ ಬಿಲ್ಲು ಆಮೇಲೆ ಎಷ್ಟಾಗುತ್ತದೆ ಅಂತ ಗೊತ್ತಿರುವುದರಿಂದ ಬರೆಯುತ್ತಿದ್ದೇನೆ.

ಆ ಕಪ್ಪು ಹೊಗೆ ಅಂದರೆ ಏನು? ಪೂರ್ತಿ ಉರಿಯದೇ ಹೊರಗೆ ಹೋದ ಡೀಸೆಲ್. ಅಂದರೆ ನೀವು ದುಡ್ಡು ಕೊಟ್ಟು ಹಾಕಿಸಿದ್ದು. ಎಂಜಿನ್ನಿಗೆ ಗಾಳಿ ಅಷ್ಟೇ ಇದ್ದು ಡೀಸೆಲ್ ಮಾತ್ರ ಜಾಸ್ತಿ ಮಾಡುವುದು, ಒಲೆಗೆ ಕಟ್ಟಿಗೆ ತುರುಕಿ ಊದುಗೊಳವೆ ಎತ್ತಿಟ್ಟ ಹಾಗೆ. ಮೊದಲು ಸ್ವಲ್ಪ ಎಳೆತ ಸಿಗುತ್ತದೆ, ಸುಳ್ಳಲ್ಲ. ಆದರೆ ಡೀಸೆಲ್ ಎಂಜಿನ್ನಲ್ಲಿ ಗಾಳಿಗೆ ಹೋಲಿಸಿದರೆ ಡೀಸೆಲ್ ಹೆಚ್ಚಾದಷ್ಟೂ ಹೊರಬರುವ ಗಾಳಿಯ ಬಿಸಿ ಏರುತ್ತದೆ. ಖಾಲಿ ಗಾಡಿಯಲ್ಲಿ ಊರೊಳಗೆ ಓಡಿಸಿದರೆ ಇದು ಗೊತ್ತೇ ಆಗುವುದಿಲ್ಲ. ಫುಲ್ ಲೋಡ್ ಹಾಕಿಕೊಂಡು ಸಾತಾರಾ ಕಡೆ ಹೊರಟು ಖಂಬಾಟ್ಕಿ ಘಾಟ್ ಏರುವಾಗ ಕಾಲು ಪೆಡಲ್ ಮೇಲೆ ಒತ್ತಿಕೊಂಡೇ ಇರುತ್ತದಲ್ಲ, ಆವಾಗ ಗೊತ್ತಾಗುತ್ತದೆ.

ಈ ಎಂಜಿನ್ನುಗಳ ಪಿಸ್ಟನ್ ಅಲ್ಯೂಮಿನಿಯಂನದು, ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ. ಸಿಲಿಂಡರಿನ ಒಳಗಿನ ಬೆಂಕಿ ಅದಕ್ಕಿಂತ ಎಷ್ಟೋ ಜಾಸ್ತಿ. ಪಿಸ್ಟನ್ ಬದುಕಿರುವುದು ಆಯಿಲ್ಲು, ನೀರು ಆ ಬಿಸಿಯನ್ನು ಎಳೆದುಕೊಂಡು ಹೋಗುವುದರಿಂದ ಮಾತ್ರ. ಸ್ಕ್ರೂ ತಿರುಗಿಸಿದ ಗಾಡಿ ಎಂಜಿನ್ ಕೆಲಸಕ್ಕೆ ಬಂದಾಗ ಬಿಚ್ಚಿ ನೋಡಬೇಕು ನೀವು. ಪಿಸ್ಟನ್ ತಲೆಯ ಮೇಲಿನ ಬಟ್ಟಲಿನ ಅಂಚು, ನಾಜಲ್ಲಿನ ಡೀಸೆಲ್ ತುಂತುರು ಬಡಿಯುವ ಜಾಗದಲ್ಲೇ, ಇಲಿ ಕಡಿದಂತೆ ತಿಂದುಹೋಗಿರುತ್ತದೆ. ಉಳಿದ ಭಾಗ ಚೆನ್ನಾಗೇ ಇರುತ್ತದೆ. ಅದನ್ನು ನೋಡಿದ ಮೇಲೂ ಓನರ್ 'ಪಿಸ್ಟನ್ ಡುಪ್ಲಿಕೇಟ್ ಇರಬೇಕು' ಅನ್ನುತ್ತಾನೆ!

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಹಳೇ ಪಿಕಪ್ಪಿಗೆ ಹೊಸ ಪವರ್ ಬೇಕಾಗಿರುವುದು ತೀರಾ ಕಡಿಮೆ. ಕಳೆದುಹೋದ ಪವರ್ ವಾಪಸ್ ಬಂದರೆ ಸಾಕು. ಬಿಎಸ್ 4 ಅನ್ನುವ ಹಿಂದಿನ ಹೊಗೆ ನಿಯಮದ ಕಾಲದ ಬೊಲೆರೊ ಪಿಕಪ್ಪಿನ 2523 ಸಿಸಿ ಎಂಜಿನ್ ಕೊಡುತ್ತಿದ್ದುದೇ ಸುಮಾರು 63 ಎಚ್‌ಪಿ. ವರ್ಷಗಟ್ಟಲೆ ಓಡಿ ಅದರಲ್ಲಿ ಒಂದಷ್ಟು ಸೋರಿಹೋಗಿರುತ್ತದೆ. ಎಲ್ಲಿ ಸೋರಿತು ಅಂತ ಹುಡುಕುವುದು ಬಿಟ್ಟು ಸುಮ್ನೆ ಡೀಸೆಲ್ ಸುರಿದರೆ ಏನು ಬಂತು?

ಸೋರಿಕೆ ಹೆಚ್ಚಾಗಿ ಸಿಗುವುದು ಗಾಳಿ ಒತ್ತಿ ತುಂಬುವ ಟರ್ಬೊದಿಂದ ಆ ಗಾಳಿ ತಣಿಸುವ ಇಂಟರ್‌ಕೂಲರಿಗೆ, ಅಲ್ಲಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸಿನಲ್ಲಿ. ಮೇಲಿನಿಂದ ನೋಡಿದರೆ ಹೋಸ್ ಹೊಸದರಂತೆ ಇರುತ್ತದೆ. ಕೆಳಗಿನಿಂದ ಕೈ ಹಾಕಿ ಸವರಿ. ಬೆರಳಿಗೆ ಕಪ್ಪು ಎಣ್ಣೆ ಜಿಡ್ಡು ಹತ್ತಿದರೆ ಅಲ್ಲಿಂದ ಗಾಳಿ ಹೋಗುತ್ತಿದೆ ಅಂತ ಅನುಮಾನ ಪಡಬೇಕು. ಪೈಪಿನ ಒಂದು ಬಾಯಿ ಮುಚ್ಚಿ, ಇನ್ನೊಂದು ಕಡೆಯಿಂದ ರೆಗ್ಯುಲೇಟರ್ ಇಟ್ಟು ಹದವಾಗಿ ಗಾಳಿ ಬಿಟ್ಟು, ಸೋಪಿನ ನೀರು ಚಿಮುಕಿಸಿದರೆ ಗುಳ್ಳೆ ಏಳುತ್ತದೆ. ಸೀಳಿದ ಹೋಸು ಬದಲಿಸಿ, ಕ್ಲಿಪ್ಪು ಬಿಗಿ ಮಾಡಿದ ಮೇಲೆ ಡ್ರೈವರ್ 'ಏನ್ರೀ, ಎಂಜಿನ್ ಬೇರೆ ಹಾಕಿದ್ರಾ' ಅಂತ ಕೇಳುತ್ತಾನೆ. ಇದಾದ ಮೇಲೆ ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್, ಮಸಿ ಕಟ್ಟಿದ ಇಜಿಆರ್ ವಾಲ್ವ್ (ಒಂದಷ್ಟು ಹೊಗೆಯನ್ನು ಎಂಜಿನ್ನಿಗೇ ವಾಪಸ್ ಕಳಿಸುವುದು), ಎಂಜಿನ್ ವಾಲ್ವುಗಳ ಟ್ಯಾಪೆಟ್ ಗ್ಯಾಪು, ನಾಜಲ್ ಟೆಸ್ಟಿಂಗ್. ಬ್ರೇಕ್ ಹಿಡಿದುಕೊಂಡೇ ಓಡುತ್ತಿದೆಯಾ ಅಂತಲೂ ನೋಡಿ, ಗಾಡಿ ನಿಲ್ಲಿಸಿದಾಗ ಒಂದೇ ಡ್ರಮ್ಮು ಸುಡುತ್ತಿದ್ದರೆ ಅದೇ ಕಾರಣ. ಇನ್ನು ಶೋಕಿಗೆ ದೊಡ್ಡ ಟೈರ್ ಹಾಕಿಸಿಕೊಂಡವರು 'ದಮ್ ಕಡಿಮೆ ಆಯ್ತು' ಅಂತ ಬರುತ್ತಾರೆ. ಚಕ್ರ ದೊಡ್ಡದಾದರೆ ಎಳೆತ ಕಡಿಮೆ ಆಗಲೇಬೇಕು, ಅಲ್ವಾ?

ಇಷ್ಟೆಲ್ಲ ಆದಮೇಲೂ ಜಾಸ್ತಿ ಬೇಕೇ ಬೇಕು ಅನ್ನುವವರಿಗೆ ಒಂದು ಕ್ರಮ ಇದೆ. ಮೊದಲು ಮೀಟರ್, ಆಮೇಲೆ ಗಾಳಿ, ಕೊನೆಗೆ ಡೀಸೆಲ್. ಮೀಟರ್ ಅಂದರೆ ಎಕ್ಸಾಸ್ಟಿನ, ಅಂದರೆ ಎಂಜಿನ್ನಿಂದ ಹೊರಬರುವ ಗಾಳಿಯ ಬಿಸಿ ತೋರಿಸುವುದು. ಅದರ ಸೆನ್ಸರ್ ಟರ್ಬೊಗಿಂತ ಮುಂಚೆ, ಎಂಜಿನ್ನಿಗೆ ಅಂಟಿದ ಹೊಗೆ ಪೈಪಿನಲ್ಲಿ (ಮ್ಯಾನಿಫೋಲ್ಡ್) ಕೂರಬೇಕು. ಟರ್ಬೊ ದಾಟಿದ ಮೇಲೆ ಅಳೆದರೆ ನೂರಕ್ಕೂ ಹೆಚ್ಚು ಡಿಗ್ರಿ ಕಡಿಮೆ ತೋರಿಸಿ ಮೋಸ ಮಾಡಬಹುದು. ಹಳೇ ಎಂಜಿನ್ನಿಗೆ ಏರಿನಲ್ಲಿ 700 ಡಿಗ್ರಿ ಮುಟ್ಟಿತು ಅಂದರೆ ಕಾಲು ಎತ್ತಬೇಕು ಅನ್ನುವುದು ಈ ಕೆಲಸದಲ್ಲಿ ಇರುವವರ ಲೆಕ್ಕ. ಟರ್ಬೊ ಗಾಳಿಯ ಒತ್ತಡ ತೋರಿಸುವ ಬೂಸ್ಟ್ ಮೀಟರೂ ಜೊತೆಗಿರಲಿ. ಗಾಳಿಯ ವಿಷಯಕ್ಕೆ ಬಂದರೆ ಸ್ವಚ್ಛವಾದ ಇಂಟರ್‌ಕೂಲರ್, ಸರಿಯಾದ ರೇಡಿಯೇಟರ್, ಕೆಲಸ ಮಾಡುವ ಫ್ಯಾನ್ ಕಪ್ಲಿಂಗ್ ಬೇಕು. ಟರ್ಬೊ ಒತ್ತಿ ಕಳಿಸುವ ಗಾಳಿ ಕುದಿಯುವ ನೀರಿಗಿಂತ ಬಿಸಿ ಆಗಬಲ್ಲದು, ಅದು ತಣ್ಣಗಾದಷ್ಟೂ ಒಳಗೆ ಜಾಸ್ತಿ ಹಿಡಿಯುತ್ತದೆ. ಕೆಲವರು ಆ ಒತ್ತಡಕ್ಕೆ ಮಿತಿ ಹಾಕುವ ವೇಸ್ಟ್‌ಗೇಟಿನ ರಾಡು ಬಿಗಿ ಮಾಡಿ ಬೂಸ್ಟ್ ಏರಿಸುತ್ತಾರೆ. ಟರ್ಬೊ ನಿಮಿಷಕ್ಕೆ ಲಕ್ಷ ಸುತ್ತು ದಾಟಿ ತಿರುಗುವ ವಸ್ತು ಸ್ವಾಮಿ, ಅದರ ಹತ್ತಿರ ಅಂದಾಜಿನ ಆಟ ಬೇಡ. ಸಿಲಿಂಡರನ್ನು ಬಿಗಿಯಾಗಿ ಮುಚ್ಚಿಡುವ ಹೆಡ್ ಗ್ಯಾಸ್ಕೆಟ್ಟೂ ಹೋಗುತ್ತದೆ.

ಕಾಮನ್ ರೈಲ್ ಗಾಡಿಗಳಿಗೆ, ಅಂದರೆ 'ರೈಲ್' ಅನ್ನುವ ಒಂದೇ ಪೈಪಿನಿಂದ ಭಾರೀ ಒತ್ತಡದ ಡೀಸೆಲ್ ಎಲ್ಲ ಇಂಜೆಕ್ಟರಿಗೂ ಹೋಗುವ ಗಾಡಿಗಳಿಗೆ, ಒಂದು ಡಬ್ಬಿ ಬಂದಿದೆ, ವೈರಿಗೆ ಸಿಕ್ಕಿಸಿದರೆ ಪವರ್ ಏರುತ್ತದೆ ಅಂತ. ಅಗ್ಗದ ಡಬ್ಬಿಗಳಲ್ಲಿ ಹೆಚ್ಚಿನವು ಮಾಡುವುದು ಇಷ್ಟೇ: ರೈಲಿನಲ್ಲಿ ಒತ್ತಡ ಕಡಿಮೆ ಇದೆ ಅಂತ ಇಸಿಯುಗೆ (ಎಂಜಿನ್ ನಡೆಸುವ ಕಂಪ್ಯೂಟರಿಗೆ) ಸುಳ್ಳು ಹೇಳುವುದು. ಅದು ಪಾಪ ನಂಬಿ ಒತ್ತಡ ಏರಿಸುತ್ತದೆ. ಹಳೇ ಇಂಜೆಕ್ಟರ್ ಎಷ್ಟು ದಿನ ತಡೆಯಬೇಕು? ಮಾಡಿಸಲೇಬೇಕಾದರೆ ಗಾಡಿಯನ್ನು ಪವರ್ ಅಳೆಯುವ ಡೈನೊ ಯಂತ್ರದ ಮೇಲೆ ಓಡಿಸಿ, ಹೊಗೆಗೆ ಮಿತಿ ಇಟ್ಟು ಇಸಿಯುವಿನ ಲೆಕ್ಕ (ಮ್ಯಾಪ್) ಬರೆಯುವವರ ಹತ್ತಿರ ಹೋಗಿ, ಕೇಳುವುದೂ ಸ್ವಲ್ಪವೇ ಕೇಳಿ. ಕ್ಲಚ್ ಪ್ಲೇಟು, ಗೇರ್ ಬಾಕ್ಸು, ಜಾಯಿಂಟುಗಳಿಗೂ ವಯಸ್ಸಾಗಿದೆ.

ಒಂದು ಪೈಸೆ ಖರ್ಚಿಲ್ಲದ ಉಪಾಯವೂ ಇದೆ. ಏರಿನಲ್ಲಿ ಎಂಜಿನ್ ಗುಂಯ್ ಅಂತ ಒದ್ದಾಡುವವರೆಗೆ ಟಾಪ್ ಗೇರಿನಲ್ಲಿ ಎಳೆಯಬೇಡಿ, ಒಂದು ಗೇರ್ ಮುಂಚೆಯೇ ಇಳಿಸಿ. ಗಾಳಿ, ನೀರು, ಆಯಿಲ್ ಎಲ್ಲ ಜೋರಾಗಿ ಓಡಿ ಬಿಸಿ ಇಳಿಯುತ್ತದೆ. ಏರು ಮುಗಿದು ಚಹಾಕ್ಕೆ ನಿಲ್ಲಿಸಿದರೆ ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಮೇಲೆ ಬಂದ್ ಮಾಡಿ, ಟರ್ಬೊ ಬೇರಿಂಗಿನಲ್ಲಿ ಆಯಿಲ್ ಸುಟ್ಟು ಕರಕಲಾಗುವುದಿಲ್ಲ.

ಪವರ್ ಏರಿಸಿದವರು ಲೋಡೂ ಏರಿಸುತ್ತಾರೆ, ಅದೇ ನನ್ನ ದೊಡ್ಡ ಭಯ. ಬ್ರೇಕು ಮಾತ್ರ ಹಳೆಯದೇ ಇರುತ್ತದೆ. ಕಾತ್ರಜ್ ಹೊಸ ಸುರಂಗದಿಂದ ನವಲೆ ಸೇತುವೆವರೆಗಿನ ಇಳಿಜಾರು ಪುಣೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2022ರ ನವೆಂಬರ್‌ನಲ್ಲಿ ಅಲ್ಲಿ ಒಂದೇ ಅಪಘಾತದಲ್ಲಿ 40ಕ್ಕೂ ಹೆಚ್ಚು ವಾಹನ ಜಖಂ ಆದವು. ಎಂಜಿನ್ನಿಗೆ ಸಾವಿರಾರು ರೂಪಾಯಿ ಹಾಕುವವರು ಬ್ರೇಕ್ ಲೈನಿಂಗಿಗೆ ಯಾಕೆ ಚೌಕಾಸಿ ಮಾಡುತ್ತಾರೋ!

ಕಾನೂನೂ ಸುಮ್ಮನಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ಆರ್‌ಸಿಯಲ್ಲಿನ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆ ಆಗುವಂಥ ಬದಲಾವಣೆ ಮಾಡುವಂತಿಲ್ಲ. 2019ರ ತಿದ್ದುಪಡಿ ಆದಮೇಲೆ ಒಪ್ಪಿಗೆ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಇನ್ಶೂರೆನ್ಸಿನವರಿಗೆ ಕ್ಲೇಮ್ ತಳ್ಳಲು ಇದೊಂದು ನೆಪ ಸಿಕ್ಕರೂ ಸಾಕು. ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ಪ್ರತಿ ವರ್ಷ ಫಿಟ್ನೆಸ್ ಪರೀಕ್ಷೆ ಇದ್ದೇ ಇದೆ. ಪಿಯುಸಿ ಹೊಗೆ ತಪಾಸಣೆಗೆ ಹೋಗುವ ಮುಂಚೆ ಸ್ಕ್ರೂ ಹಿಂದಕ್ಕೆ, ಬಂದ ಮೇಲೆ ಮುಂದಕ್ಕೆ ತಿರುಗಿಸುವವರೂ ಇದ್ದಾರೆ. ಅವರಿಗೆ ಏನು ಹೇಳುವುದು.

ಪುಣೆಯ ಕನ್ನಡ ಸಂಘಗಳಿಗೆ ನಿಮ್ಮ ಪತ್ರಿಕೆ ಮೂಲಕ ಒಂದು ಮಾತು. ರಾಜ್ಯೋತ್ಸವದ ಆರ್ಕೆಸ್ಟ್ರಾ ನಡೆಯಲಿ, ಬೇಡ ಅನ್ನುವುದಿಲ್ಲ. ಜೊತೆಗೆ ಒಂದು ಭಾನುವಾರ ಮಾರ್ಕೆಟ್ ಯಾರ್ಡ್ ಹತ್ತಿರ ಪಿಕಪ್ ಡ್ರೈವರ್‌ಗಳಿಗಾಗಿ ಹೋಸು, ಫಿಲ್ಟರು, ಬ್ರೇಕು ಪುಕ್ಕಟೆ ನೋಡಿಕೊಡುವ ಕ್ಯಾಂಪ್ ಇಡಿ. ಕಂಪ್ರೆಸರ್ರು, ಸೋಪಿನ ನೀರು ನಾನು ತರುತ್ತೇನೆ.

— ಒಬ್ಬ ಓದುಗ, ಭೋಸರಿ, ಪುಣೆ