ಹಡಗು ವೆಲ್ಡಿಂಗ್ ಊರಲ್ಲೇ ಕಲಿಸಿ

ಮಾನ್ಯರೇ,

ಮಲ್ಪೆಯ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್‌ಗೆ ನಾರ್ವೆಯಿಂದಲೂ ಹಡಗಿನ ಆರ್ಡರ್ ಬಂದಿರುವಾಗ, ಕರಾವಳಿಯ ಹುಡುಗರನ್ನು ಹಡಗಿನ ವೆಲ್ಡಿಂಗ್‌ಗೆ ಸಿದ್ಧಮಾಡುವ ಕೆಲಸ ಬೇಗ ಆಗಬೇಕು. ಐಟಿಐಯ ಒಂದು ವರ್ಷದ ವೆಲ್ಡರ್ ಕೋರ್ಸ್ ಒಳ್ಳೆಯ ಬುನಾದಿಯೇ. ಆದರೆ ಗೇಟು, ಗ್ರಿಲ್ ಬೆಸೆಯುವುದು ಬೇರೆ. ಹಡಗಿನ ತಳದ ಇಕ್ಕಟ್ಟಾದ ಟ್ಯಾಂಕಿನೊಳಗೆ ಮಲಗಿ, ಮೈಮೇಲೆ ಕಿಡಿ ಬೀಳುತ್ತಿದ್ದರೂ ಕೈ ಅಲುಗದಂತೆ ತಲೆಮೇಲಿನ ಪ್ಲೇಟು ಬೆಸೆಯುವುದೇ ಬೇರೆ. ಅಲ್ಲಿ ಹೊಗೆ ಹೊರಹಾಕುವ ಫ್ಯಾನ್ ನಿಂತರೆ ಜೀವಕ್ಕೇ ಅಪಾಯ. ಬೆಸುಗೆಯೊಳಗೆ ಗಾಳಿಗುಳ್ಳೆ ಜಾಸ್ತಿ ಉಳಿದರೆ ಎಕ್ಸ್‌ರೇಯಲ್ಲಿ ಕಾಣುತ್ತದೆ, ಕೆತ್ತಿ ತೆಗೆದು ಮತ್ತೆ ಬೆಸೆಯಬೇಕು. ಇದಕ್ಕೆ ಎಷ್ಟು ಪಳಗಿದ ಕೈ ಬೇಕು, ಅಲ್ವಾ? ಉಡುಪಿ ಜಿಲ್ಲೆಯ ಐಟಿಐಗಳಲ್ಲಿ ಹಡಗು ವೆಲ್ಡಿಂಗ್‌ಗೆಂದೇ ಕೆಲವು ತಿಂಗಳ ತರಬೇತಿ ಶುರುಮಾಡಿ, ಹಡಗುಗಳ ಗುಣಮಟ್ಟ ಪರಿಶೀಲಿಸಿ ಪ್ರಮಾಣಪತ್ರ ಕೊಡುವ ಇಂಡಿಯನ್ ರಿಜಿಸ್ಟರ್ ಆಫ್ ಶಿಪ್ಪಿಂಗ್‌ನಂಥ ಸಂಸ್ಥೆಗಳ ವೆಲ್ಡರ್ ಅರ್ಹತಾ ಪರೀಕ್ಷೆಯ ಖರ್ಚನ್ನು ಸರ್ಕಾರವೇ ಭರಿಸಲಿ.

– ಓದುಗ, ಮಲ್ಪೆ