ಅಂಗೈ ಮೇಲಿನ ಪೊಲ್ಲಿಲೂರು

ಮಾನ್ಯ ಸಂಪಾದಕರೇ,

ಎರಡು ವರ್ಷದಿಂದ ನಾನು ಪುಟ್ಟ ಗೊಂಬೆಗಳಲ್ಲಿ ಪೊಲ್ಲಿಲೂರು ಯುದ್ಧದ ಮಾದರಿ ಮಾಡುತ್ತಿದ್ದೇನೆ. 1780ರ ಸೆಪ್ಟೆಂಬರ್ 10ರಂದು ಹೈದರ್ ಮತ್ತು ಟಿಪ್ಪು ಸೇರಿ ಇಂಗ್ಲಿಷರ ಕರ್ನಲ್ ಬೇಲಿಯ ಪಡೆಯನ್ನು ಸೋಲಿಸಿದ ಯುದ್ಧ ಅದು. ಒಬ್ಬೊಬ್ಬ ಸೈನಿಕನೂ 28 ಮಿಲಿಮೀಟರ್, ಹೆಬ್ಬೆರಳಿನ ಮೇಲ್ಗೆಣ್ಣಿನಷ್ಟೇ. ಮೊದಲು ಬಣ್ಣ ಹಿಡಿಯಲೆಂದು ಕಪ್ಪು ಪ್ರೈಮರಿನ ತಳಲೇಪ, ಆಮೇಲೆ ತೆಳುವಾಗಿ ಬಣ್ಣ, ಕೊನೆಗೆ ನಾಲ್ಕೇ ಕೂದಲಿನಂಥ ಬ್ರಶ್ಶಿನಲ್ಲಿ ಪೇಟದ ಮಡಿಕೆ, ಮೀಸೆಯನ್ನು ಉಸಿರು ಬಿಗಿಹಿಡಿದು ಬರೆಯಬೇಕು. ಒಂದು ಗೊಂಬೆಗೆ ಎರಡು ಸಂಜೆ ಹಿಡಿಯುತ್ತದೆ, ಆದರೂ ಸಾಕು ಅನ್ನಿಸುವುದೇ ಇಲ್ಲ.

ನನಗೆ ಆಧಾರ ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಚಿತ್ರ. ಚೌಕಾಕಾರದಲ್ಲಿ ನಿಂತ ಇಂಗ್ಲಿಷರ ಪಡೆ, ಪಲ್ಲಕ್ಕಿಯಲ್ಲಿ ಕೂತ ಬೇಲಿ, ಸಿಡಿಯುತ್ತಿರುವ ಮದ್ದಿನ ಬಂಡಿ ಎಲ್ಲ ಅಲ್ಲಿವೆ. ದಸರೆಗೆ ಗೊಂಬೆ ಕೂರಿಸುವ ನಾಡು ನಮ್ಮದು ಅಲ್ವಾ? ನಮ್ಮ ಮ್ಯೂಸಿಯಂಗಳಲ್ಲಿ ಇಂಥ ಮಾದರಿಗಳಿಗೂ ಒಂದು ಮೇಜು ಕೊಡಲಿ, ಮಕ್ಕಳು ಬಗ್ಗಿ ನೋಡಲಿ.

— ಒಬ್ಬ ಹವ್ಯಾಸಿ, ಮೈಸೂರು