ಪಾದೆಕಲ್ಲಿಗೂ ಒಂದು ಫಲಕವಿರಲಿ

ಮಾನ್ಯ ಸಂಪಾದಕರೇ,

ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳ ವಿಚಾರ ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುತ್ತದೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂಬ ಮನ್ನಣೆಯೂ ಅವುಗಳಿಗೆ ದೊರೆತಿದೆ. ಮಡಗಾಸ್ಕರ್ ನಮ್ಮಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಲಾವಾ ತಣಿದು ಮೂಡಿದ ಕಲ್ಲುಗಳವು. ಆದರೆ ದ್ವೀಪ ನೋಡಿ ಕಾರ್ಕಳದ ಕಡೆಗೆ ಹೊರಟವರಿಗೆ ದಾರಿಯ ಬದಿಯಲ್ಲಿ ಕಾಣುವ ಬೂದುಬಣ್ಣದ ಪಾದೆಗಳು, ಅಂದರೆ ಬೋಳು ಬಂಡೆಗಳು, ಸುಮಾರು 300 ಕೋಟಿ ವರ್ಷ ಹಳೆಯ ಶಿಲಾಕುಲಕ್ಕೆ ಸೇರಿದವು ಎಂದು ಹೇಳುವ ಒಂದು ಫಲಕವನ್ನೂ ನಾನು ಈವರೆಗೆ ಕಂಡಿಲ್ಲ.

ನಮ್ಮಲ್ಲಿ ಕಲ್ಲೆಂದರೆ ಮೊದಲು ನೆನಪಾಗುವುದು ಮನೆಗೋಡೆಯ ಮುರಕಲ್ಲು. ಅದರ ಅಡಿಯಲ್ಲಿರುವುದನ್ನು ಶಿಲೆಕಲ್ಲು ಎಂದೋ ಗ್ರಾನೈಟ್ ಎಂದೋ ಕರೆದು ಸುಮ್ಮನಾಗುತ್ತೇವೆ. ಅದರಲ್ಲಿ ಹೆಚ್ಚಿನದು ನೈಸ್ ಎಂಬ ರೂಪಾಂತರ ಶಿಲೆ, ಅಂದರೆ ಕಾವು ಮತ್ತು ಒತ್ತಡಕ್ಕೆ ಸಿಕ್ಕಿ ರೂಪ ಬದಲಿಸಿಕೊಂಡ ಕಲ್ಲು. ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸ್ಮೀತ್ ಅವರು 1916ರಲ್ಲಿ 'ಪೆನಿನ್ಸುಲರ್ ನೈಸ್' ಎಂದು ಹೆಸರಿಟ್ಟ ಬುನಾದಿಯ ಕಲ್ಲು.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಸಮೀಪದ ಕೋರೆಯೊಂದರಲ್ಲಿ, ಮಳೆ ನಿಂತ ಮೇಲೆ, ಒದ್ದೆಯಾದ ಬಂಡೆಯ ಮುಖವನ್ನು ಹತ್ತಿರದಿಂದ ನೋಡಿದ್ದೆ. ಬೆರಳಗಲದ ಬಿಳಿ ಪಟ್ಟೆಗಳಲ್ಲಿ ಸ್ಫಟಿಕ ಶಿಲೆ ಮತ್ತು ಫೆಲ್ಡ್‌ಸ್ಪಾರ್, ನಡುವಿನ ಕಪ್ಪು ಪಟ್ಟೆಗಳಲ್ಲಿ ಮಿಣುಗುವ ಕಪ್ಪು ಅಭ್ರಕ. ಆ ಪಟ್ಟೆಗಳು ನೀರುದೋಸೆಯನ್ನು ಮಡಚಿ ಮತ್ತೊಮ್ಮೆ ಮಡಚಿದಂತೆ ಬಾಗಿದ್ದವು. ಅಂದರೆ ಆ ಕಲ್ಲು ಒಂದಲ್ಲ, ಎರಡು ಬಾರಿಯಾದರೂ ಒತ್ತಡಕ್ಕೆ ಸಿಲುಕಿತ್ತು. ತಣ್ಣಗಿರುವ ಕಲ್ಲು ಬಾಗುವುದಿಲ್ಲ, ಒಡೆಯುತ್ತದೆ. ಹೀಗೆ ಬಾಗಬೇಕಾದರೆ ಅದು ಹತ್ತಾರು ಕಿಲೋಮೀಟರ್ ಆಳದಲ್ಲಿ, ಕಾದು ಮೆತ್ತಗಾಗಿ, ಲಕ್ಷಾಂತರ ವರ್ಷ ನಿಧಾನವಾಗಿ ಒತ್ತಿಸಿಕೊಂಡಿರಬೇಕು. ಆ ಮಡಿಕೆಗಳನ್ನೆಲ್ಲ ಅಡ್ಡಲಾಗಿ ಸೀಳಿಕೊಂಡು ನಸುಗೆಂಪು ಎಳೆಯೊಂದು ನೇರವಾಗಿ ಹೋಗಿತ್ತು. ಅದು ಸ್ವಲ್ಪವೂ ಬಾಗಿರಲಿಲ್ಲವಾದ್ದರಿಂದ, ಮಡಿಕೆ ಬಿದ್ದ ಬಳಿಕ ಬಂದು ಸೇರಿಕೊಂಡದ್ದೆಂದು ಯಾವ ಉಪಕರಣವೂ ಇಲ್ಲದೆ ಹೇಳಬಹುದಿತ್ತು. ಭೂಗೋಳ ಕಲಿಸುವವರಿಗೆ ಇದಕ್ಕಿಂತ ಒಳ್ಳೆಯ ಕಪ್ಪುಹಲಗೆ ಸಿಗಲಾರದು.

ಆ ಮುಖದ ಅರ್ಧ ಭಾಗ ಈಗ ಜಲ್ಲಿಯಾಗಿದೆ. ಕೋರೆಗಳನ್ನು ಮುಚ್ಚಿಸಿರೆಂದು ನಾನು ಕೇಳುತ್ತಿಲ್ಲ. ನನ್ನ ಮನೆಯ ತಾರಸಿಗೂ ಇದೇ ಜಲ್ಲಿ ಬಿದ್ದಿದೆ. ಕೋರೆಯ ಪರವಾನಗಿ ನವೀಕರಿಸುವ ಮುನ್ನ, ರಸ್ತೆ ಅಗಲಗೊಳಿಸಲು ಗುಡ್ಡ ಕಡಿಯುವ ಮುನ್ನ, ಗಣಿ ಮತ್ತು ಭೂವಿಜ್ಞಾನ ಇಲಾಖೆಯವರು ಕಾಲೇಜುಗಳ ಭೂವಿಜ್ಞಾನ ಅಧ್ಯಾಪಕರೊಡನೆ ಒಮ್ಮೆ ಸ್ಥಳ ನೋಡಿ, ಪದರಗಳು ಸ್ಪಷ್ಟವಾಗಿರುವ ಕಡೆ ಹತ್ತಡಿ ಬಂಡೆಯನ್ನು ಉಳಿಸಿ, ಕನ್ನಡದಲ್ಲಿ ಒಂದು ಫಲಕ ಹಾಕಿದರೆ ಸಾಕು. ಬೆಂಗಳೂರಿನ ಲಾಲ್‌ಬಾಗ್‌ನ ಬಂಡೆ ಸ್ಮಾರಕವಾಗಿರುವುದು ಇದೇ ನೈಸ್‌ಗಾಗಿ. ಕರಿಕಲ್ಲಿನಿಂದಲೇ ಕಾರ್ಕಳಕ್ಕೆ ಹೆಸರು ಬಂತೆಂದು ಹೇಳಿಕೊಳ್ಳುವ ನಾವು ಇಷ್ಟನ್ನಾದರೂ ಕೇಳಬಹುದಲ್ಲವೇ?

ನಾನು ಹೇಳಿದ ಕೋರೆಯ ಗುಂಡಿಯಲ್ಲಿ ಈಗ ನೀರು ನಿಂತಿದೆ. ಮೂಲೆಯಲ್ಲಿ ಉಳಿದಿರುವ ಮಡಿಕೆಯ ಮೇಲೆ ಕುಳಿ ಹೊಡೆಯಲು ಬಣ್ಣದ ಗುರುತು ಬಿದ್ದಿದೆ. ಮಳೆಗಾಲ ಮುಗಿದು ಕೆಲಸ ಶುರುವಾಗುವ ಮೊದಲು ಸಂಬಂಧಪಟ್ಟವರು ಬಂದು ನೋಡಬೇಕೆಂದು ವಿನಂತಿ.

– ನಿವೃತ್ತ ಅಧ್ಯಾಪಕ, ಉಡುಪಿ ಜಿಲ್ಲೆ